ಇವರ ಹರ್ನಿಯಾ, ನಮ್ಮನೆಯ ಕುಯ್ಯೋ ಆಟ

ಆ ಆಟಕ್ಕೆ ಏನೋ ದೊಡ್ಡ ಹೆಸರಿದೆ. ಸಿಮು... ಸಿಮ್ಯುಲಿ... ಬಾಯಿಯ ತನಕ ಬರುತ್ತದೆ, ಹಲ್ಲುಸೆಟ್ಟಿಗೆ ತಗುಲಿ ನಿಂತುಬಿಡುತ್ತದೆ. ಟಿವಿಯಲ್ಲಿ ರೋಗಿಯನ್ನು ಮಲಗಿಸಿರುತ್ತಾರೆ. ನಾವು ಇತ್ತ ಸೋಫಾದ ಮುಂದೆ ನಿಂತು ರಿಮೋಟು ಹಿಡಿದು ಗಾಳಿಯಲ್ಲಿ ಕೈಯಾಡಿಸಿದರೆ ಅತ್ತ ಕತ್ತಿ ಅವನ ಹೊಟ್ಟೆ ಕುಯ್ಯುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಕುಯ್ಯೋ ಆಟ ಎಂದೇ ಹೆಸರಾಯಿತು. ಮಕ್ಕಳಿಗೆಂದು ತಂದ ಸಾಮಾನು ಮುದುಕರ ತಲೆಗೆ ಸುತ್ತಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಮೊಮ್ಮಗಳ ಸೈಕಲ್ಲಿನಿಂದ ಬಿದ್ದವರು ನಮ್ಮ ಯಜಮಾನರು, ಅವಳ ಸ್ಕಿಪ್ಪಿಂಗ್ ಹಗ್ಗಕ್ಕೆ ಎಡವಿದವಳು ನಾನು. ಈ ಆಟ ಮಾತ್ರ ನಮ್ಮನ್ನು ಆಸ್ಪತ್ರೆಯ ತನಕ ಕರೆದುಕೊಂಡು ಹೋಯಿತು.

ಉಳ್ಳಾಗಡ್ಡಿ ಚೀಲ

ನಾವು ಗದಗಿನ ಕಡೆಯವರು. ಮಗಳ ಜೊತೆ ಬ್ಯಾಟರಾಯನಪುರಕ್ಕೆ ಬಂದು ಎಷ್ಟೋ ವರ್ಷವಾದರೂ ಇವರ ನಾಲಗೆಗೆ ಇಲ್ಲಿಯ ಈರುಳ್ಳಿ ಹಿಡಿಸಲಿಲ್ಲ. ಒಂದು ದಿನ ಯಶವಂತಪುರದ ಯಾರ್ಡಿಗೆ ನಮ್ಮ ಕಡೆಯ ಉಳ್ಳಾಗಡ್ಡಿ ಬಂದಿದೆ ಎಂದು ಯಾರೋ ಹೇಳಿದರು. ಇವರು ಓಡಿದರು. "ಎತ್ಕೊಡ್ಲಾ ತಾತ?" ಅಂದನಂತೆ ಹಮಾಲಿ. ಎಪ್ಪತ್ತು ದಾಟಿದ ಇವರು, "ಸರಿಯೋ ಆಕಡೆ" ಅಂದು ಇಡೀ ಚೀಲ ತಾವೇ ಎತ್ತಿದರು. ಚೀಲ ಮೇಲೆ ಬಂತು, ಹೊಟ್ಟೆಯೊಳಗಿನದು ಕೆಳಗೆ ಬಂತು.

ಡಾಕ್ಟರಮ್ಮ ನೋಡಿ ಹರ್ನಿಯಾ ಅಂದರು. "ಕರುಳು ಜಾರಿ ಹೊರಗೆ ಇಣುಕ್ತಿದೆ. ಸಣ್ಣ ಆಪರೇಷನ್, ಹೆದರ್ಬೇಡಿ. ಆದ್ರೆ ತಡ ಮಾಡ್ಬೇಡಿ. ಕರುಳು ಅಲ್ಲೇ ಸಿಕ್ಕಿಕೊಂಡ್ರೆ ಜೀವಕ್ಕೇ ಕಷ್ಟ." ತಾರೀಖು ಗೊತ್ತಾಯಿತು. ಅದೇ ವಾರ, ಬೇಸಿಗೆ ರಜೆಗೆಂದು ಮಗಳು ಈ ಆಟ ತಂದಳು.

ಮೊಮ್ಮಗಳಿಗೆ ಆಗ ಹದಿಮೂರು. ಮೊದಲು ಇದೇ ಆಟವನ್ನು ಅಂಗೈಯಗಲದ ಪೆಟ್ಟಿಗೆಯ ಮೇಲೆ ಕಡ್ಡಿಯಿಂದ ಗೀಚಿ ಆಡುತ್ತಿದ್ದರಂತೆ. ಈಗ ಕೈ ಬೀಸಿ ಆಡುವ ಹಾಗೆ ಹೊಸದಾಗಿ ಮಾಡಿದ್ದಾರಂತೆ. ಅಭ್ಯಾಸವಿಲ್ಲದ ಕೈ ಬೀಸಿದಳು. ಟಿವಿ ಕುಂಯ್ ಎಂದಿತು. ರೋಗಿ ಹೋಗಿಬಿಟ್ಟ.

ಇವರು ಪೇಪರು ಕೆಳಗಿಳಿಸಿದರು. "ಏನಾಗಿತ್ತವಾ ಅವಂಗ?"

"ಏನಿಲ್ಲ ಅಜ್ಜ, ಸಣ್ಣ ಆಪರೇಷನ್ನು."

ಇವರು ಮೆಲ್ಲಗೆ ಎದ್ದು ಆಸ್ಪತ್ರೆಗೆ ಫೋನ್ ಮಾಡಿ, ನಮ್ಮಲ್ಲೊಂದು ಸಾವಾಗಿದೆ, ತಾರೀಖು ಮುಂದೆ ಹಾಕಿ ಅಂದರು. ನಾನು ಒಳಗಿನಿಂದ ಓಡಿ ಬಂದೆ. "ಯಾರು ಹೋದರ್ರೀ?" ಅಂದೆ. ಟಿವಿಯ ಕಡೆ ಕೈ ತೋರಿಸಿದರು.

ಕೌದಿ ಹೊಲಿಗೆ

ಒಬ್ಬನಾದರೂ ಬದುಕಿದ್ದನ್ನು ನೋಡಿದರೆ ಇವರಿಗೆ ಧೈರ್ಯ ಬಂದೀತು ಅಂದುಕೊಂಡು ರಿಮೋಟು ನಾನೇ ಇಸಿದುಕೊಂಡೆ. ಹಳೆ ಸೀರೆ ಹರಿದು ಕೌದಿ ಹೊಲಿದ ಕೈ ನನ್ನದು. ಕುಯ್ಯುವ ತನಕ ಮೊಮ್ಮಗಳು ಮಾಡಿಕೊಟ್ಟಳು, ಹೊಲಿಗೆ ನನಗೆ ಬಂತು. ಗಾಯದ ಮೇಲೆ ಸುಮ್ಮನೆ ಅಡ್ಡಾದಿಡ್ಡಿ ನಾಲ್ಕು ಗೆರೆ ಎಳೆದರೆ ಸಾಕಂತೆ. ಅದೇನು ಹೊಲಿಗೆಯೇ? ನಾನು ಒತ್ತೊತ್ತಾಗಿ, ನೂಲು ಕಾಣದ ಹಾಗೆ ಒಂದು ಸಾಲು ಹಾಕಿ ತಿರುಗಿ ಬಂದೆ.

"ಅಜ್ಜಿ, ಟೈಮ್ ಆಗ್ತಿದೆ! ನಾಡಿ ಬೀಳ್ತಿದೆ!"

"ಇರವ್ವ, ಅಂಚು ಮಡಚಬೇಕು."

ಕುಂಯ್ ಎಂದಿತು.

ಇವರು ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಹೋಗಿ ನೋಡಿದರು. "ಉಳಿದಿದ್ರ ಅಂವಾ ಈ ಕೌದಿ ಬಾಳ ದಿನ ಹೊದ್ಕೋತಿದ್ದ" ಅಂದರು. ಆಸ್ಪತ್ರೆಯ ಎರಡನೆಯ ತಾರೀಖೂ ಹಾಗೇ ಹೋಯಿತು.

ಬಿಸಿನೀರು

ಪಕ್ಕದ ಮನೆಯಾಕೆ ಇದೇ ಊರಿನ ಹಳಬರು. ಸುತ್ತ ಹೊಲವಿದ್ದಾಗಿನಿಂದ ಇಲ್ಲಿದ್ದವರು. ಸಂಜೆ ಹೂ ಕಟ್ಟಲು ನಮ್ಮಲ್ಲಿಗೆ ಬರುತ್ತಾರೆ. ಒಂದು ದಿನ ಅವರ ಕಣ್ಣೆದುರೇ ಟಿವಿಯಲ್ಲಿ ಒಬ್ಬ ಹೋದ. ಆಕೆ ಹೂವಿನ ಬುಟ್ಟಿ ಅಲ್ಲೇ ಬಿಟ್ಟು ಎದ್ದರು.

"ಎಲ್ಲಿಗೆ ಹೊಂಟ್ರಿ?" ಅಂದೆ.

"ಸಾವು ಕಂಡ್ಮೇಲೆ ನೀರು ಉಯ್ಕೊಳ್ದೆ ಒಲೆ ಮುಟ್ಟೋದೆಂಗೆ ಕಣಮ್ಮ?"

"ಅದು ಬೊಂಬೆ ಕಣ್ರೀ ಆಂಟಿ!" ಎಂದು ಮೊಮ್ಮಗಳು ಕೂಗಿದಳು.

"ಬೊಂಬೆ ಆದ್ರೇನು ಮಗಾ, ಇಂಗೆ ಬಾಯಿ ಬಿಟ್ಕೊಂಡು ಓದ್ನಲ್ಲ" ಅಂದು ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು ಮತ್ತೆ ಹೂ ಹಿಡಿದರು. ಅಷ್ಟರಲ್ಲಿ ಇನ್ನೊಬ್ಬ ಹೋದ. ಮತ್ತೆ ಎದ್ದರು. ನಮ್ಮ ರಸ್ತೆಗೆ ನಲ್ಲಿ ನೀರು ಬಿಡುವುದೇ ಮೂರು ದಿನಕ್ಕೊಮ್ಮೆ.

ಮರುದಿನ ಆಕೆ ಒಳಗೇ ಬರಲಿಲ್ಲ. ಗೇಟಿನಲ್ಲೇ ನಿಂತು ಕೇಳಿದರು: "ಮಗಾ, ಇವತ್ತು ಎಷ್ಟು ಜನಾನ ಕುಯ್ತೀಯ? ಎಲ್ಲಾ ಮುಗಿದ್ಮೇಲೆ ಕೂಗು, ಒಟ್ಗೆ ಒಂದೇ ಸಲ ನೀರು ಕಾಯಿಸ್ತೀನಿ."

ಹೊತ್ತು ಮುಳುಗಿದ ಮೇಲೆ

ರಜೆ ಮುಗಿಯುವ ಹೊತ್ತಿಗೆ ಮೊಮ್ಮಗಳ ಕೈ ಪಳಗಿತು. ಬೆಳಿಗ್ಗೆ ಆಡಿದರೆ ರೋಗಿ ಎದ್ದು ನಡೆದು ಹೋಗುತ್ತಿದ್ದ. ಆದರೆ ಸಂಜೆ ಆಡಿದರೆ ಕತ್ತಿ ಹುಚ್ಚು ಹಿಡಿದ ಹಾಗೆ ಹಾರಿ, ಹೊಟ್ಟೆ ಬಿಟ್ಟು ಗಂಟಲಿಗೆ ಹೋಗುತ್ತಿತ್ತು.

ಇವರು ಅದನ್ನು ಗಮನಿಸಿ ಕ್ಯಾಲೆಂಡರಿನ ಮೇಲೆ ಗುರುತು ಹಾಕತೊಡಗಿದರು. "ಹೊತ್ತು ಮುಳುಗಿದ ಮ್ಯಾಲೆ ಕೊಯ್ಸಿಕೊಂಡವರು ಯಾರೂ ಉಳಿಯಂಗಿಲ್ಲ" ಎಂದು ಸಿದ್ಧಾಂತ ಮಾಡಿದರು. ಆಸ್ಪತ್ರೆಯವರು ಮೂರನೆಯ ಸಲ ತಾರೀಖು ಕೊಟ್ಟರು. ಸಂಜೆ ಏಳಕ್ಕೆ. ಇವರು ಒಲ್ಲೆ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನೋವು ಮಾತ್ರ ಜಾಸ್ತಿಯಾಗುತ್ತಿತ್ತು. ಕೆಮ್ಮು ಬಂದರೆ ಎರಡು ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಜಗಳವಾಡಿದೆ, ಅತ್ತೂ ನೋಡಿದೆ. ಜಗ್ಗಲಿಲ್ಲ.

ಒಂದು ಸಂಜೆ ನಾನು ಎಣ್ಣೆ ಹಾಕಲು ಮರೆತು ದೇವರ ದೀಪ ಆರಿಹೋಯಿತು. ನಮ್ಮದು ಚಿಕ್ಕ ಮನೆ, ದೇವರೂ ಟಿವಿಯೂ ಒಂದೇ ಶೋಕೇಸಿನಲ್ಲಿ ಅಕ್ಕಪಕ್ಕ. ದೀಪ ಆರಿದ್ದೇ ತಡ, ಹಾರುತ್ತಿದ್ದ ಕತ್ತಿ ನೆಟ್ಟಗಾಯಿತು. ಮೊಮ್ಮಗಳು ಒಮ್ಮೆ ದೀಪ ನೋಡಿದಳು, ಒಮ್ಮೆ ಟಿವಿ ನೋಡಿದಳು. ಬೆಂಕಿಪೊಟ್ಟಣ ತಂದು ಹಚ್ಚಿದಳು. ಕತ್ತಿ ಹಾರಿತು. ಆರಿಸಿದಳು. ನಿಂತಿತು.

"ಅಜ್ಜಿ! ರಿಮೋಟಿನ ಮೂತಿಗೆ ಕಣ್ಣಿದೆ. ಟಿವಿ ಮೇಲೆ ಇಟ್ಟಿರೋ ಆಟದ ಪಟ್ಟಿಯಲ್ಲಿ ನಮಗೆ ಕಾಣದ ಬೆಳಕಿದೆ, ಅದನ್ನ ನೋಡಿ ಕೈ ಎಲ್ಲಿದೆ ಅಂತ ತಿಳ್ಕೊಳ್ಳತ್ತೆ. ನಿನ್ನ ದೀಪ ನೋಡಿ ಅದಕ್ಕೆ ಕನ್ಫ್ಯೂಸ್ ಆಗ್ತಿತ್ತು. ಸಂಜೆ ಸತ್ತವರನ್ನೆಲ್ಲ ಕೊಂದಿದ್ದು ನೀನೇ!"

ಇವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಮದುವಿ ಆದಾಗಿಂದ ನನಗ ಅನುಮಾನ ಇದ್ದೇ ಇತ್ತು" ಅಂದರು. ಆಮೇಲೆ, "ಸಂಜಿ ಏಳಕ್ಕ ಆದ್ರೂ ಅಡ್ಡಿ ಇಲ್ಲ. ಬರತೀನಿ ಅಂತ ಹೇಳ್ರಿ" ಅಂದರು.

ಹಸಿರು ಅಂಗಿ

ಹೆಬ್ಬಾಳದ ಕಡೆಯ ಆಸ್ಪತ್ರೆ. ಇವರನ್ನು ಹಿಂದೆ ದಾರ ಕಟ್ಟುವ ಹಸಿರು ಅಂಗಿ ತೊಡಿಸಿ ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಬಾಗಿಲ ಹತ್ತಿರ ಡಾಕ್ಟರಮ್ಮ ಬಂದು ಕೈ ಹಿಡಿದು, "ಧೈರ್ಯವಾಗಿದ್ದೀರಾ ತಾತ?" ಅಂದರು.

"ಎಲ್ಲಾ ಬರೋಬ್ಬರಿ ಅದ. ಒಂದೇ ಮಾತು. ಒಳಗ ದೇವರ ದೀಪ ಹಚ್ಚತೀರೇನ್ರಿ?"

ಡಾಕ್ಟರಮ್ಮ ಇವರ ಹಣೆಯ ಮೇಲಿನ ವಿಭೂತಿ ನೋಡಿದರು. ಪಾಪ, ಭಕ್ತರು, ಸಮಾಧಾನವಾಗಲಿ ಅಂದುಕೊಂಡಿರಬೇಕು. "ಹಚ್ಚದೇ ಇರ್ತೀವಾ ತಾತ? ಟೇಬಲ್ ಪಕ್ಕದಲ್ಲೇ ದೊಡ್ಡ ದೀಪ. ಅದನ್ನ ನೋಡ್ಕೊಂಡೇ ನಾನು ಕತ್ತಿ ಹಿಡಿಯೋದು."

ಇವರು ಸ್ಟ್ರೆಚರಿನಿಂದ ಇಳಿದದ್ದು ನನಗೆ ಕಾಣಿಸಲೇ ಇಲ್ಲ. ಕಂಡದ್ದು ಲಿಫ್ಟಿನ ಕಡೆ ಹೋಗುತ್ತಿದ್ದ ಹಿಂಭಾಗ. ದಾರ ಬಿಚ್ಚಿತ್ತು. ಸಾಲಾಗಿ ಕೂತಿದ್ದವರಿಗೆಲ್ಲ ಪುಕ್ಕಟೆ ದರ್ಶನ. ಇಬ್ಬರು ಆಯಾಗಳು ಹಿಡಿದು ತಂದರು.

ಮೊಮ್ಮಗಳು ಆಟದ ಕತೆ ಹೇಳಿದಳು. ಡಾಕ್ಟರಮ್ಮ ನಕ್ಕು ನಕ್ಕು ಗೋಡೆಗೆ ಒರಗಿದರು. "ಸುಳ್ಳು ಹೇಳ್ದೆ ತಾತ. ಒಳಗೆ ಬೆಂಕಿಕಡ್ಡಿ ಸಹ ಬಿಡಲ್ಲ."

"ಆಗ ಹಚ್ಚತೀವಿ ಅಂದ್ರಿ, ಈಗ ಇಲ್ಲ ಅಂತೀರಿ. ನಮ್ಮ ಕಡಿಂದ ಅಷ್ಟು ಕಾಗದಕ್ಕ ಸಹಿ ತಗೊಂಡೀರಿ. ನೀವೂ ಒಂದಕ್ಕ ಹಾಕ್ರಿ."

"ಆಯ್ತು, ಬರ್ಕೊಡಿ, ಈಗಲೇ ಹಾಕ್ತೀನಿ" ಎಂದು ಡಾಕ್ಟರಮ್ಮ ಜೇಬಿನಿಂದ ಪೆನ್ನು ತೆಗೆದರು. ನಾನು ಮೊಮ್ಮಗಳ ಕೈಗೆ ಕಾಗದ ಕೊಟ್ಟು ಹೇಳಿದೆ: "ಬರಿಯವ್ವ. ಈ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ದೇವರ ದೀಪ ಹಚ್ಚುವುದಿಲ್ಲ. ಹಚ್ಚುವವರನ್ನು ಒಳಗೆ ಬಿಡುವುದೂ ಇಲ್ಲ."

ಸ್ಟ್ರೆಚರಿನ ಮೇಲಿಂದ ದನಿ ಬಂತು: "ಅದರಾಗೂ ಪೇಷಂಟಿನ ಹೆಂಡ್ತಿನ್ನ."

"ಅದನ್ನೂ ಬರಿ" ಅಂದೆ.