ಎರಡು ನಿಮಿಷದ ವಿಮಾನ

ತುಮರಿಯ ಸುಬ್ಬಯ್ಯನ ಹೋಟೆಲಿನಲ್ಲಿ ದೋಸೆ ತಡವಾದದ್ದೇ ಎಲ್ಲಕ್ಕೂ ಕಾರಣ. ಕಾದು ಕೂತ ರಾಮಚಂದ್ರಪ್ಪನವರಿಗೆ ಹೊತ್ತು ಹೋಗಲೆಂದು ಸುಬ್ಬಯ್ಯ ಮೊಬೈಲ್ ನೋಡಿ ಓದಿದ.

"ಸ್ಕಾಟ್ಲೆಂಡ್ ಕಡೆ ಎರಡು ದ್ವೀಪ ಅಂತೆ. ಎರಡರಲ್ಲೂ ವಿಮಾನ ನಿಲ್ದಾಣ. ನಡುವೆ ಮೂರು ಕಿಲೋಮೀಟರೂ ಇಲ್ಲ. ಹತ್ತಿದ್ರೆ ಎರಡೇ ನಿಮಿಷ."

ರಾಮಚಂದ್ರಪ್ಪ ನೀರಿನ ಲೋಟ ಕೆಳಗಿಟ್ಟರು. ಇಪ್ಪತ್ತೆಂಟು ವರ್ಷ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಓಡಿಸಿದವರು. ಸೇತುವೆಯಾದ ಮೇಲೆ ಲಾಂಚೂ ನಿಂತಿತು, ಅವರೂ ನಿಂತರು. ಬಸ್ಸು ಸೇತುವೆ ದಾಟುವಾಗ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಲಾಂಚಿನಲ್ಲಾದರೆ ದಿಬ್ಬಣ, ದನ, ಬಸ್ಸು, ಜಗಳ ಎಲ್ಲ ಒಟ್ಟಿಗೇ ದಾಟುತ್ತಿದ್ದವು. ಆಚೆ ದಡ ಮುಟ್ಟುವುದರೊಳಗೆ ಒಂದಾದರೂ ಸಂಬಂಧ ಕುದುರುತ್ತಿತ್ತು. ಆ ದಿನಗಳು ಅವರಿಗೆ ವಾಪಸ್ ಬೇಕಿದ್ದವು.

"ಅಷ್ಟಕ್ಕೆ ವಿಮಾನ ಯಾಕೆ ಮಾರಾಯ? ಲಾಂಚ್ ಇಟ್ರೆ ಆಯ್ತಲ್ಲ."

"ಓಡ್ಸೋರು ಸಿಕ್ಕಿರಲಿಕ್ಕಿಲ್ಲ," ಎಂದ ಸುಬ್ಬಯ್ಯ, ತಮಾಷೆಗೆ.

ತಮಾಷೆಯೆಂದು ಅವರಿಗೆ ಹೊಳೆಯಲೇ ಇಲ್ಲ. ದೋಸೆ ಬಿಟ್ಟು ನೇರ ಮೇಘನಾಳ ಆನ್‌ಲೈನ್ ಸೆಂಟರಿಗೆ ನಡೆದರು. ಪಹಣಿ, ಆಧಾರ್ ತೆಗೆದುಕೊಡುವ ಹುಡುಗಿ ಆ ದ್ವೀಪದ ಪಂಚಾಯ್ತಿಯ ವಿಳಾಸ ಹುಡುಕಿ, ಇಂಗ್ಲಿಷಿನಲ್ಲಿ ಅರ್ಜಿ ಬರೆಯತೊಡಗಿದಳು.

"ಹಿಂದಿನ ಕೆಲಸ ಯಾಕೆ ಹೋಯ್ತು ಅಂತ ಹಾಕ್ಲಿ ಮಾವ?"

"ಸೇತುವೆ ಬಂತು ಅಂತ ಹಾಕು. ಇದ್ದದ್ದು ಇದ್ದ ಹಾಗೆ."

ಅಷ್ಟರಲ್ಲಿ ಹಳೇ ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದ ಚಂದ್ರಯ್ಯ ಬಂದು ತನ್ನ ಹೆಸರೂ ಸೇರಿಸಿದ. ಹಿಂದೆಯೇ ಬಂದ ಸುಬ್ಬಯ್ಯ, ಲಾಂಚಿನ ಮೇಲೆ ಚಾದಂಗಡಿಗೆ ಜಾಗ ಕೇಳಿಸಿದ. ಕಳಿಸುವ ಹೊತ್ತಿಗೆ ಅದು ಮೂರು ಜನರ ಅರ್ಜಿಯಾಗಿತ್ತು.

ಮಧ್ಯಾಹ್ನದೊಳಗೆ ಊರವರ ಬಾಯಲ್ಲಿ ರಾಮಚಂದ್ರಪ್ಪನವರಿಗೆ ಫಾರಿನ್ನಿನಲ್ಲಿ ನೌಕರಿ ಆಗಿಯೇ ಬಿಟ್ಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ. ಯಾರೋ ಸಾಗರದಿಂದ ಉಣ್ಣೆ ಟೋಪಿ ತರಿಸಿ ತಲೆಗೆ ತೊಡಿಸಿದರು. ಪಕ್ಕದ ಮನೆಯ ಮೂಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂದಿಟ್ಟಳು. ಹೆಂಡತಿ ದುಗ್ಗಮ್ಮ ಮಾತ್ರ ತನ್ನ ಪಾಡಿಗೆ ಕೊಟ್ಟಿಗೆ ಗುಡಿಸುತ್ತಿದ್ದಳು. ಬೆವರು ಸುರಿಯುತ್ತಿದ್ದರೂ ರಾಮಚಂದ್ರಪ್ಪ ಟೋಪಿ ತೆಗೆಯಲಿಲ್ಲ. ಕೂತಲ್ಲೇ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿ ನೋಡಿದರು.

ಸಂಜೆ ಮೇಘನಾ ಓಡಿ ಬಂದಳು. "ಉತ್ತರ ಬಂತು ಮಾವ."

ಅಂಗಳದಲ್ಲಿದ್ದವರೆಲ್ಲ ಸುತ್ತ ನೆರೆದರು. ಅವಳು ಓದಿ ಹೇಳಿದಳು. "ನಿಮ್ಮ ಕಾಗದ ನೋಡಿ ಖುಷಿಯಾಯ್ತು ಅಂತೆ. ಅವರಲ್ಲಿ ದೋಣಿನೂ ಇದೆಯಂತೆ, ಡ್ರೈವರೂ ಇದಾನಂತೆ. ಆದ್ರೆ ಗಾಳಿ ಬಂದ್ರೆ ದೋಣಿ ಇಲ್ಲ, ಮಂಜು ಬಿದ್ರೆ ವಿಮಾನ ಇಲ್ಲ, ಸಾಕಾಗಿದೆ ಅಂತೆ. ನಿಮಗೆ ಸೇತುವೆ ಸಿಕ್ಕಿದ್ದು ಹೇಗೆ, ಎಷ್ಟು ವರ್ಷ ಹಿಡೀತು, ಅರ್ಜಿ ಹಾಕಿದೋರು ಯಾರು, ತಿಳಿಸಿ ಅಂತೆ."

ಚಂದ್ರಯ್ಯ ಮೆಲ್ಲಗೆ ಜಾರಿದ. ಸುಬ್ಬಯ್ಯನಿಗೆ ಹೋಟೆಲಿನ ನೆನಪಾಯಿತು.

ದುಗ್ಗಮ್ಮ ಪೊರಕೆ ಕೆಳಗಿಟ್ಟಳು. "ಯಾರು ಅಂತ ನಾನು ಹೇಳ್ತೀನಿ, ಬರ್ಕೊ. ಲಾಂಚ್ ಕೆಟ್ಟು ನಿಂತ ದಿನ ನಂಗೆ ನೋವು ಬಂತು. ನಮ್ಮ ಮಗ ಕಿರಣ ಹೊಳೆ ದಡದಾಗೇ ಹುಟ್ಟಿದ. ಮಾರನೇ ದಿನ ಇವ್ರೇ ಮನೆಮನೆಗೆ ತಿರುಗಿ ಸೈ ಹಾಕ್ಸಿದ್ರು, ಸೇತುವೆ ಬೇಕು ಅಂತ. ಮೊದಲನೇ ಸೈ ಇವ್ರದ್ದೇ."

ರಾಮಚಂದ್ರಪ್ಪ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಎಷ್ಟು ವರ್ಷ ಹಿಡೀತು ಅಂತ ಬರೀಲಿ ಮಾವ?"

"ಅರ್ಜಿ ಕೊಟ್ಟೋನಿಗೇ ಲಾಂಚ್ ಬೇಕು ಅನ್ಸೋವಷ್ಟು ವರ್ಷ," ಎಂದರು. "ಹಂಗೇ ಬರಿ."