ಕುರ್ಚಿಗೆ ಕೆಂಪು ಚೀಟಿ, ಕನ್ನಡಿಗೆ ನೀಲಿ

ನಾನು ಎಷ್ಟು ಕ್ರಮವಾಗಿ ಕೆಲಸ ಮಾಡುತ್ತೇನೋ ಅಷ್ಟೇ ಕ್ರಮವಾಗಿ ಮರ್ಯಾದೆ ಕಳೆದುಕೊಳ್ಳುತ್ತೇನೆ. ಇದು ಮೊದಲಿನಿಂದ ನಡೆದುಬಂದದ್ದು. ಈ ಸಲ ಮಾತ್ರ ಇಂಡಿ ಊರಿನ ನಮ್ಮ ಮನೆಯೇ ಒಡೆಯುವುದರಲ್ಲಿತ್ತು. ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಇಬ್ಬರ ಸಂಸಾರವೂ ಒಂದೇ ಒಲೆಯ ಮೇಲೆ ನಡೆಯುವ ಮನೆ ಅದು.

ಬಾಲ

ಬಿ.ಎಸ್ಸಿ. ಮುಗಿಸಿ ಸಿಂದಗಿಯ ಒಂದು ರಕ್ತಪರೀಕ್ಷೆ ಲ್ಯಾಬಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಸಂಜೆ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತೇನೆ. ಆ ಭಾಷೆಯಲ್ಲಿ ಜೀವವಿಲ್ಲದ ವಸ್ತುವೂ ಗಂಡು, ಇಲ್ಲವೇ ಹೆಣ್ಣು. ಗಂಡಿನ ಮುಂದೆ ‘ಎಲ್’, ಹೆಣ್ಣಿನ ಮುಂದೆ ‘ಲಾ’ ಹಚ್ಚಬೇಕು. ಕುರ್ಚಿ ‘ಲಾ ಸಿಯಾ’, ಕನ್ನಡಿ ‘ಎಲ್ ಎಸ್ಪೆಹೊ’. ನೆನಪಿರಲೆಂದು, ಬಣ್ಣದ ಚೀಟಿ ಹಚ್ಚಿ ಗುರುತಿಡುವ ಲ್ಯಾಬಿನ ಪದ್ಧತಿಯನ್ನೇ ಮನೆಗೆ ತಂದೆ. ಗಂಡಿಗೆ ನೀಲಿ ಚೀಟಿ, ಹೆಣ್ಣಿಗೆ ಕೆಂಪು. ಒಂದು ಭಾನುವಾರ ಕೂತು ಮನೆಯ ಸಾಮಾನಿಗೆಲ್ಲ ಅಂಟಿಸಿದೆ.

“ಕುರ್ಚಿ ಹೆಣ್ಣಂತ ಹೆಂಗ ಗೊತ್ತಾತು?” ಎಂದಳು ಅವ್ವ.

“ಅವರು ಹಂಗ ಅಂತಾರ.”

“ಕರಾ ಹುಟ್ಟಿದ್ರ ಬಾಲ ಎತ್ತಿ ನೋಡ್ತೀವಿ. ಕುರ್ಚೀದು ಏನ ಎತ್ತಿ ನೋಡಿದ್ರಂತ?”

ನಾನು ಕುರ್ಚಿಯ ಕೆಂಪು ಚೀಟಿಯನ್ನು ಇನ್ನೊಮ್ಮೆ ಒತ್ತಿ ಅಂಟಿಸಿದೆ.

ನನ್ನ ಬಣ್ಣ ಯಾವುದು?

ಮರುದಿನ ಬೆಳಿಗ್ಗೆ ಕಾಕಿ ಚೀಟಿಗಳನ್ನು ನೋಡಿ, “ಏನವ್ವಾ ಇದು?” ಎಂದಳು. ಬಸ್ಸಿಗೆ ಹೊತ್ತಾಗಿತ್ತು. ನಾನು ಮೊದಲೇ ಮಿತಭಾಷಿ.

“ಎರಡ ಗುಂಪ ಮಾಡೇನಿ ಕಾಕಿ. ದನದ ಕೊಟಗಿ ಅಷ್ಟ ಉಳದೈತಿ” ಎಂದು ಹೇಳಿ ಓಡಿದೆ.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಸಾಮಾನಿಗೆ ಹೀಗೇ ಗುರುತು ಹಾಕಿ ಹಂಚುತ್ತಾರೆ. ಅದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಮಧ್ಯಾಹ್ನ, ಬಸವನ ಬಾಗೇವಾಡಿಯಿಂದ ಅತ್ತೆಯ ಫೋನು ಬಂದಾಗ. ಅತ್ತೆ ಅಪ್ಪನಿಗೂ ಕಾಕಾನಿಗೂ ಒಬ್ಬಳೇ ಅಕ್ಕ.

“ಮನಿ ಪಾಲ ಮಾಡಾಕತ್ತೀರಂತ? ಎರಡ ಬಣ್ಣದ ಚೀಟಿ ಹಚ್ಚೀರಂತ?”

“ಅಯ್ಯ, ಇಲ್ರಿ ಅತ್ತಿ, ಅದು...”

“ನೀ ಸುಮ್ಕಿರು. ನಿಮ್ಮಪ್ಪಂದೊಂದು, ನಿಮ್ಮ ಕಾಕಾಂದೊಂದು. ನನ್ನ ಬಣ್ಣ ಯಾವುದು?”

ಗೋಡೆ

ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ಪಂಚಾಯ್ತಿ. ಮುದ್ದೇಬಿಹಾಳದಿಂದ ಕಾಕಿಯ ಅಣ್ಣ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದಿದ್ದ. ಅಪ್ಪ, “ನನಗೇನೂ ಗೊತ್ತಿಲ್ರಿ” ಎಂದು ಆಣೆ ಮಾಡುತ್ತಿದ್ದ. ಕಾಕಾ ಬೆಳಗಿನಿಂದ ಊಟ ಮಾಡಿರಲಿಲ್ಲ.

“ಸಾಮಾನ ಹೋಗ್ಲಿ ಅಣ್ಣಾ,” ಎಂದ ಕಾಕಾ. “ಅವ್ವಗೂ ಚೀಟಿ ಹಚ್ಚೀರಿ?”

ಎಲ್ಲರೂ ಆಯಿಯ ಕಡೆ ತಿರುಗಿದೆವು. ಆಯಿ ಅಂದರೆ ಅಪ್ಪನ ತಾಯಿ. ದಿನವಿಡೀ ಗೋಡೆಗೆ ಒರಗಿ ಕೂತಿದ್ದಳು. ಗೋಡೆಯ ಕೆಂಪು ಚೀಟಿ ಆಕೆಯ ಸೀರೆಯ ಬೆನ್ನಿಗೆ ಅಂಟಿತ್ತು.

ಕಾಕಾನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ನೆಲ ನೋಡುತ್ತಲೇ ಎಲ್ಲ ಹೇಳಿದೆ. ಎಲ್, ಲಾ, ನೀಲಿ, ಕೆಂಪು. ಹೇಳಿದಷ್ಟೂ ನನಗೇ ಸುಳ್ಳಿನಂತೆ ಕೇಳಿಸಿತು. ಹಿರಿಯರಿಗೂ ಹಾಗೇ ಅನ್ನಿಸಿರಬೇಕು. ಪರೀಕ್ಷೆ ಶುರು ಮಾಡಿದರು.

“ಬಾಗಲಾ?”

“ಹೆಣ್ರಿ.”

“ಗಡಿಯಾರ?”

“ಗಂಡ್ರಿ.”

“ಮತ್ತ ಈ ಮನಿ?”

“ಹೆಣ್ರಿ.”

ಆಯಿ ಬೆನ್ನಿನ ಚೀಟಿ ಕಿತ್ತು ನನ್ನ ಕೈಗಿಟ್ಟಳು.

“ಮನಿ ಹೆಣ್ಣ ಅನ್ನೂದೊಂದು ಖರೆ ಐತಿ. ಮನಿ ಕಾಗದ, ಉತಾರ, ನನ್ನ ಹೆಸರಲೆ ಐತಿ. ಪಾಲ ಮಾಡಾಕ ಬಂದವರು ಚಾ ಕುಡದು ಹೊಂಡ್ರಿ.”