ನಾಲ್ಕನೇ ಅಧ್ಯಾಯದಲ್ಲಿ ಸತ್ತ ಸೋದರತ್ತೆ

ಈ ಬೇಸಿಗೆಯಲ್ಲಿ ಕಾದಂಬರಿ ಮುಗಿಸಿಯೇ ತೀರುತ್ತೇನೆ, ನಮ್ಮೂರು ಜೇವರ್ಗಿಯ ಹೆಸರು ಸಾಹಿತ್ಯ ಲೋಕದಲ್ಲಿ ಮೊಳಗುವಂತೆ ಮಾಡುತ್ತೇನೆ ಎಂದು ಯುಗಾದಿಯ ದಿನ ಬೇವಿನ ಪಾನಕ ಕುಡಿಯುತ್ತಲೇ ಘೋಷಿಸಿದೆ. ಹೆಂಡತಿ ವಿದ್ಯಾವತಿ ಇನ್ನೊಂದು ಲೋಟ ಬೇವು ನನ್ನ ಮುಂದಿಟ್ಟಳು.

ಅವಳೂ ಓದುವವಳೇ. ಆದರೆ ಯಾವ ಕಾದಂಬರಿಯನ್ನಾದರೂ ಕೊನೆಯ ಪುಟದಿಂದ ಹಿಡಿಯುತ್ತಾಳೆ. ಅಲ್ಲಿ ಎಲ್ಲರೂ ಸುಖವಾಗಿದ್ದರೆ ಮಾತ್ರ ಮೊದಲ ಪುಟಕ್ಕೆ ಬರುತ್ತಾಳೆ. ನನ್ನ ಕಾದಂಬರಿಗಳಲ್ಲಿ ಕೊನೆಗೆ ಯಾರೂ ಸುಖವಾಗಿರುವುದಿಲ್ಲ. ಹಾಗಾಗಿ ಒಂದನ್ನೂ ಓದಿಲ್ಲ.

ಕೂತು ಬರೆದರೆ ನನಗೆ ಸೊಂಟ ಹಿಡಿಯುತ್ತದೆ. ಆದ್ದರಿಂದ ಅಂಗಳದಲ್ಲಿ ಓಡಾಡುತ್ತ ಮೊಬೈಲಿಗೆ ಕಥೆ ಹೇಳುವುದು, ಆ ಧ್ವನಿಯನ್ನು ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಂಡು ಆಮೇಲೆ ಟೈಪ್ ಮಾಡುವುದು ಎಂದು ಏರ್ಪಾಡು ಮಾಡಿಕೊಂಡೆ. ಕಥೆಯಲ್ಲೊಬ್ಬ ಗತ್ತಿನ ಜಮೀನ್ದಾರಿಣಿ. ಯಾವ ಹೆಸರಿಟ್ಟರೂ ಗತ್ತು ಬರಲಿಲ್ಲ. ಕೊನೆಗೆ ಗೊಬ್ಬೂರಿನಲ್ಲಿರುವ ನಮ್ಮ ಸೋದರತ್ತೆಯ ಹೆಸರಿಟ್ಟೆ: ಸುಮಿತ್ರಾಬಾಯಿ. ಬಾಯಿ ತುಂಬುವ ಹೆಸರು. ಅತ್ತೆಯದೂ ಹೆಸರಿಗೆ ತಕ್ಕ ಬಾಯಿ.

ನಾಲ್ಕನೇ ಅಧ್ಯಾಯದಲ್ಲಿ ಆ ಪಾತ್ರ ಸಾಯಬೇಕಿತ್ತು. ಸಾವು ಈತನಕ ಯಾರೂ ಬರೆಯದಂಥದ್ದಾಗಿರಬೇಕು. ದನಿಯಲ್ಲಿ ಗದ್ಗದ ತಂದುಕೊಂಡು ಹೇಳಿದೆ: "ಸುಮಿತ್ರಾಬಾಯಿ ಇನ್ನಿಲ್ಲ. ಶೇಂಗಾ ಹೋಳಿಗೆ ಗಂಟಲಿಗೆ ಸಿಕ್ಕಿತು. ನೀರು ತರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು."

ಹೇಳುವಾಗ ನನಗೇ ಅಳು ಬಂತು. ಕಣ್ಣು ಮಂಜಾಗಿ, ನನ್ನ ಹೆಸರಿನ ಬದಲು ಮನೆತನದವರ ಗುಂಪಿನ ಮೇಲೆ ಬೆರಳಿಟ್ಟೆ. ಅದು ತಿಳಿಯದೆ ಮೊಬೈಲನ್ನು ಚಾರ್ಜಿಗೆ ಹಾಕಿ, ಒಂದು ಘನವಾದ ಸಾವು ಬರೆದ ತೃಪ್ತಿಯಲ್ಲಿ ಮಲಗಿದೆ.

ಮಧ್ಯಾಹ್ನ ವಿದ್ಯಾವತಿ ಎಬ್ಬಿಸಿದಳು.

"ರೀ, ಏಳ್ರಿ. ಆಳಂದದಿಂದ ನಿಮ್ಮ ತಮ್ಮ ಸುನೀಲಕುಮಾರ ಫೋನ್ ಮಾಡಿದ್ದ. ಕ್ರೂಸರ್ ತುಂಬ ಮಂದಿ ಕರಕೊಂಡು ಗೊಬ್ಬೂರಿಗೆ ಹೊಂಟಾನ."

"ಯಾಕ?"

"ಅತ್ತಿಯವರ ಮಣ್ಣಿಗೆ."

"ಅತ್ತಿಗೆ ಏನಾತು?"

"ಹೋಳಿಗಿ ಸಿಕ್ಕಿ ತೀರಕೊಂಡ್ರಂತ ಗುಂಪಿನ್ಯಾಗ ನೀವೇ ಹೇಳೀರಲ್ಲ."

ಸುನೀಲಕುಮಾರನಿಗೆ ಮೇಲಿಂದ ಮೇಲೆ ಫೋನ್ ಹಚ್ಚಿದೆ. ಅಳುವವರ ನಡುವೆ ಅವನಿಗೆ ಹೇಗೆ ಕೇಳಬೇಕು?

ಗೊಬ್ಬೂರಿನಲ್ಲಿ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಇವರು ಹಾರ ಹಿಡಿದು ಅಳುತ್ತ ಇಳಿದಾಗ ಅತ್ತೆ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳಂತೆ. ಬಂದವರ ಅಳು ಕಂಡು ತಾನೂ ಸೆರಗು ಬಾಯಿಗಿಟ್ಟು ಅತ್ತಳು. ಮನಸಾರೆ ಅತ್ತ ಮೇಲೆ ಕೇಳಿದಳು, "ಯಾರು ಹೋದ್ರಂತ ಅಳಾಕತ್ತೀವಿ?"

"ನೀನೇ, ಅತ್ತಿ" ಎಂದ ಸುನೀಲಕುಮಾರ.

ಸಂಜೆ ಕ್ರೂಸರ್ ನಮ್ಮ ಮನೆ ಮುಂದೆ ನಿಂತಿತು. ಮೊದಲು ಹಾರಗಳು ಇಳಿದವು, ಆಮೇಲೆ ಅತ್ತೆ.

"ಶಾಂತ್ಯಾ, ಸಾಯ್ಸಿದ್ದಕ್ಕ ನನಗ ಸಿಟ್ಟಿಲ್ಲ. ಊರಿಗೆಲ್ಲ ಹೋಳಿಗಿ ಮಾಡಿ ಹಾಕ್ದಾಕಿ ನಾ. ಅದನ್ನ ತಿನ್ನಾಕ ಬರಲಾರ್ದೆ ಸತ್ತಳು ಅಂದ್ರ ಮಂದಿ ಏನಂದಾರು?"

"ಅತ್ತಿ, ಅಕಿ ನೀ ಅಲ್ಲ. ಅದು ಬರೇ ಕಲ್ಪನಾ."

"ಕಲ್ಪನಾ ಇದ್ರ ಕಲ್ಪನಾ ಅಂತ ಹೆಸರಿಡಬೇಕಿತ್ತು. ಸುಮಿತ್ರಾಬಾಯಿ ಅಂತ ಯಾಕ ಇಟ್ಟಿ? ಅಕಿನ್ನ ಬದುಕಿಸು. ಇಲ್ಲಂದ್ರ ನಾ ಇಲ್ಲಿಂದ ಏಳಂಗಿಲ್ಲ."

ಅವಳು ಬದುಕಿದರೆ ಕಾದಂಬರಿ ಸಾಯುತ್ತದೆ. ಅವಳು ಸತ್ತರೆ ಅತ್ತೆ ಏಳುವುದಿಲ್ಲ.

"ಮೊದಲಿಂದ ಓದ್ತೇನಿ, ಕೇಳು. ಆಮ್ಯಾಲ ನೀ ಹೇಳಿದಂಗ ಮಾಡ್ತೇನಿ" ಎಂದು ಟೈಪ್ ಮಾಡಿದ್ದ ಹಾಳೆಗಳನ್ನು ತಂದೆ.

ವಿದ್ಯಾವತಿ ಚಾಪೆ ಹಾಸಿ ಎಲ್ಲರಿಗೂ ಚಹಾ ಕೊಟ್ಟಳು. ನಾನು ಓದತೊಡಗಿದೆ. ಹೊಲದ ವರ್ಣನೆ ಮುಗಿಯುವ ಮೊದಲೇ ಸುನೀಲಕುಮಾರ ಫೋನ್ ಬಂತೆಂದು ಹೊರಗೆ ಹೋದ. ಅವನ ಫೋನ್ ಚಾಪೆಯ ಮೇಲೆಯೇ ಇತ್ತು. ಜಮೀನ್ದಾರಿಣಿ ವಾಡೆಯ ಮೆಟ್ಟಿಲು ಇಳಿಯುವ ವೈಭವವನ್ನು ಪುಟಗಟ್ಟಲೆ ಬರೆದಿದ್ದೆ. ಅವಳು ಅಂಗಳ ಮುಟ್ಟುವ ಹೊತ್ತಿಗೆ ಮಿಕ್ಕವರು ಗೋಡೆಗೊರಗಿ ನಿದ್ದೆ ಹೋಗಿದ್ದರು. ಅತ್ತೆ ಮಾತ್ರ ಕಣ್ಣು ಮಿಟುಕಿಸದೆ ಕೂತಿದ್ದಳು. ಇಷ್ಟು ವರ್ಷಕ್ಕೆ ನಮ್ಮ ಮನೆತನದಲ್ಲಿ ಒಬ್ಬರಾದರೂ ರಸಿಕರು ಸಿಕ್ಕರೆಂದು ನನಗೆ ಕಣ್ಣು ತುಂಬಿ ಬಂತು. ಮೊದಲ ಅಧ್ಯಾಯ ಮುಗಿಸಿ ತಲೆ ಎತ್ತಿದೆ.

"ಅಕಿ ಸಾಯೋದು ಯಾವಾಗ?" ಎಂದಳು ಅತ್ತೆ.

"ನಾಲ್ಕನೇ ಅಧ್ಯಾಯದಾಗ. ಆದ್ರ ನೀ ಹೇಳಿದಂಗ ಬದುಕಿಸ್ತೇನಿ, ಅತ್ತಿ."

ಅತ್ತೆ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು.

"ಬ್ಯಾಡಪ್ಪ. ನಾಲ್ಕರ ತನಕ ಯಾಕ ಕಾಯ್ತಿ? ಮೊದಲನೇದ್ರಾಗೇ ಮುಗಿಸಿಬಿಡು."